ಐದು ಜನರ ರೂಮಿಗೆ ಒಂದು ಡಿಸ್ಕ್: ಕಲಬುರಗಿಯಲ್ಲಿ ಓದುವವರು ಯಾವುದನ್ನು ಆರಿಸಬೇಕು?

ನಾಲ್ಕೈದು ಜನ ಸೇರಿ ರೂಮ್ ಮಾಡಿದ್ದೀರಿ. ಪಿಡಿಎ ಕಾಲೇಜಿನವರಿರಬಹುದು, ಶರಣಬಸವ ವಿಶ್ವವಿದ್ಯಾಲಯದವರಿರಬಹುದು, ಜಿಮ್ಸ್‌ನಲ್ಲಿ ಎಂಬಿಬಿಎಸ್ ಓದುವವರಿರಬಹುದು. ಒಬ್ಬನ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್, ಇನ್ನೊಬ್ಬನ ಪೆನ್‌ಡ್ರೈವ್‌ನಲ್ಲಿ ಹಳೇ ಪ್ರಶ್ನೆಪತ್ರಿಕೆ, ಮತ್ತೊಬ್ಬನ ಫೋನಿನಲ್ಲಿ ಲ್ಯಾಬ್ ರೆಕಾರ್ಡಿನ ಫೋಟೋ. ಸಬ್ಮಿಷನ್ ಹಿಂದಿನ ರಾತ್ರಿ 'ಫೈನಲ್ ಫೈಲ್ ಯಾರ ಹತ್ರ ಇದೆ?' ಅಂತ ಹುಡುಕಾಟ. ಎಲ್ಲರೂ ವೈಫೈನಲ್ಲೇ ತೆರೆಯಬಹುದಾದ ಒಂದು ಡಿಸ್ಕ್ ರೂಮಿನಲ್ಲಿದ್ದರೆ ಈ ಪಾಡು ತಪ್ಪುತ್ತದೆ. ಇದನ್ನೇ ನ್ಯಾಸ್ ಅನ್ನುವುದು. ನೆಟ್‌ವರ್ಕ್‌ಗೆ ಸೇರಿಸಿಟ್ಟ ಸ್ಟೋರೇಜ್, ಅಷ್ಟೇ.

ಇದಕ್ಕೆ ದಾರಿ ಹಲವು ಇವೆ. ಯೂಟ್ಯೂಬ್‌ನಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಎಸಿ ರೂಮು, ಹೋಗದ ಕರೆಂಟು, ಸ್ವಂತ ಮನೆ ಇದ್ದವರಿಗೆ ಹೇಳಿದ್ದು. ನಮ್ಮ ಲೆಕ್ಕ ಬೇರೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿ ಮಳೆ ಬಂದರೆ ಕರೆಂಟ್ ಹೋಗುತ್ತದೆ. ಕೋರ್ಸ್ ಮುಗಿದ ಕೂಡಲೇ ರೂಮ್ ಖಾಲಿ ಮಾಡಬೇಕು. ಈ ಮೂರನ್ನೂ ತಲೆಯಲ್ಲಿಟ್ಟುಕೊಂಡು ನೋಡಿದರೆ ನನ್ನ ಅಭಿಪ್ರಾಯ ಒಂದೇ: ಪೆಟ್ಟಿಗೆಗೆ ಕಡಿಮೆ ದುಡ್ಡು ಹಾಕಿ, ಎರಡನೇ ಕಾಪಿಗೆ ದುಡ್ಡು ಉಳಿಸಿಕೊಳ್ಳಿ. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಮೊದಲು ವೈರು, ವೈಫೈ ನೋಡಿ

ಕಾಲೇಜಿನ ಹಾಸ್ಟೆಲ್‌ನಲ್ಲಿದ್ದರೆ ಏನನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಇಬ್ಬರು ಅದೇ ವೈಫೈಗೆ ಸೇರಿ, ಒಬ್ಬರ ಲ್ಯಾಪ್‌ಟಾಪಿನಿಂದ ಇನ್ನೊಬ್ಬರ ಐಪಿ ವಿಳಾಸಕ್ಕೆ (ನೆಟ್‌ವರ್ಕಿನಲ್ಲಿ ಆ ಲ್ಯಾಪ್‌ಟಾಪಿನ ನಂಬರು) ಪಿಂಗ್ ಮಾಡಿ, ಅಂದರೆ 'ಇದ್ದೀಯಾ?' ಅಂತ ಕೇಳುವ ಚಿಕ್ಕ ಸಂದೇಶ ಕಳಿಸಿ ನೋಡಿ. ಉತ್ತರ ಬರದಿದ್ದರೆ ಒಂದೋ ವಿಂಡೋಸ್ ಫೈರ್‌ವಾಲ್ ತಡೆಯುತ್ತಿದೆ, ಇಲ್ಲವೇ ಹಾಸ್ಟೆಲ್ ವೈಫೈ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ಗೋಡೆ ಕಟ್ಟಿದೆ. ಲಾಗಿನ್ ಪುಟ ಬರುವ ಕ್ಯಾಂಪಸ್ ವೈಫೈಗಳಲ್ಲಿ ಈ ಗೋಡೆ ಮಾಮೂಲಿ. ಸುರಕ್ಷತೆಗೆ ಅದು ಬೇಕಾದದ್ದೇ. ಆದರೆ ಅಂಥ ಕಡೆ ಎಷ್ಟೇ ದುಬಾರಿ ನ್ಯಾಸ್ ತಂದಿಟ್ಟರೂ ಯಾರಿಗೂ ಕಾಣುವುದಿಲ್ಲ.

ಆಗ ನಿಮ್ಮದೇ ಒಂದು ರೂಟರ್ ಬೇಕು. ಅದನ್ನು ಹಾಸ್ಟೆಲ್ ಲೈನಿಗೆ ಚುಚ್ಚುವ ಮುನ್ನ ವಾರ್ಡನ್‌ರನ್ನೋ ನೆಟ್‌ವರ್ಕ್ ನೋಡಿಕೊಳ್ಳುವವರನ್ನೋ ಕೇಳಲೇಬೇಕು. ರೂಟರಿನ ಲ್ಯಾನ್ ಪೋರ್ಟನ್ನು (ರೂಮಿನ ಸಾಧನಗಳಿಗೆ ಅಂತ ಇರುವ ಕಿಂಡಿ) ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಅದು ಅಕ್ಕಪಕ್ಕದ ರೂಮಿನವರಿಗೂ ತಪ್ಪು ಐಪಿ ಹಂಚಲು ಶುರು ಮಾಡುತ್ತದೆ, ಇಡೀ ಮಹಡಿಯ ನೆಟ್ ನಿಲ್ಲುತ್ತದೆ. ಒಪ್ಪಿಗೆ ಸಿಗದಿದ್ದರೂ ದಾರಿ ಇದೆ. ರೂಟರನ್ನು ಇಂಟರ್ನೆಟ್ಟಿಗೆ ಸೇರಿಸದೆ ಹಾಗೇ ಇಟ್ಟುಕೊಳ್ಳಿ. ಡಿಸ್ಕಿನ ಕೆಲಸ ಆ ವೈಫೈನಲ್ಲಿ, ಇಂಟರ್ನೆಟ್ ಫೋನಿನಲ್ಲಿ. ಫೈಲ್ ಹಂಚಿಕೊಳ್ಳಲು ಇಂಟರ್ನೆಟ್ ಬೇಕೇ ಇಲ್ಲ.

ಬಾಡಿಗೆ ರೂಮಿನವರಿಗೆ ಈ ತಾಪತ್ರಯ ಇಲ್ಲ. ಅಲ್ಲಿ ನೋಡಬೇಕಾದದ್ದು ವೈರು. ಸೇಡಂ ರಸ್ತೆ ಕಡೆಯ ಒಂದು ರೂಮಿನಲ್ಲಿ ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ರೂಟರ್, ಗಿಗಾಬಿಟ್ ಪೋರ್ಟಿನ ಲ್ಯಾಪ್‌ಟಾಪ್ ಎರಡೂ ಇದ್ದವು. ಆದರೂ ಫೈಲ್ ಹೋಗುತ್ತಿದ್ದದ್ದು ಸೆಕೆಂಡಿಗೆ 11 ಎಂಬಿಯಂತೆ, ಅಂದರೆ 100 ಎಂಬಿಪಿಎಸ್ ಲೈನಿನ ವೇಗದಲ್ಲಿ. ಕೇಬಲ್ಲಿನ ತುದಿಯ ಪ್ಲಾಸ್ಟಿಕ್ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನಾಲ್ಕೇ ವೈರು. ಉಳಿದ ನಾಲ್ಕನ್ನು ಹಿಂದೆಯೇ ಕತ್ತರಿಸಿ ಮಡಚಿಟ್ಟಿದ್ದರು. 100 ಎಂಬಿಪಿಎಸ್‌ಗೆ 1, 2, 3 ಮತ್ತು 6ನೇ ಪಿನ್ನಿನ ವೈರು ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಎಂಟು ವೈರಿನ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಹಾಕಿದ ಮೇಲೆ ಅದೇ ಎರಡು ಸಾಧನಗಳ ನಡುವೆ ವೇಗ ಹತ್ತು ಪಟ್ಟಿನ ಹತ್ತಿರ ಹೋಯಿತು. ಅಂಗಡಿಯಲ್ಲಿ ಒಂದು ಕೇಬಲ್ಲಿಗೆ ಕೊಡುವ ದುಡ್ಡು ಎಷ್ಟು, ಹೇಳಿ? ಹೊಸ ಪೆಟ್ಟಿಗೆಗೆ ದುಡ್ಡು ಸೇರಿಸುವ ಮೊದಲು ಇಂಥದನ್ನು ನೋಡಬೇಕು.

ರೂಟರನ್ನೂ ಒಮ್ಮೆ ನೋಡಿ. ಟಿಪಿ-ಲಿಂಕ್ ಆರ್ಚರ್ ಸಿ20, ಸಿ50ರಂಥವುಗಳಲ್ಲಿ ಲ್ಯಾನ್ ಪೋರ್ಟುಗಳು 100 ಎಂಬಿಪಿಎಸ್‌ನವು. ಆರ್ಚರ್ ಸಿ6ರಲ್ಲಿ ಗಿಗಾಬಿಟ್ ಇದೆ. 4 ಜಿಬಿಯ ಒಂದು ಫೈಲಿಗೆ ಮೊದಲನೆಯದರಲ್ಲಿ ಆರು ನಿಮಿಷ ಬೇಕು, ಎರಡನೆಯದರಲ್ಲಿ ವೈರಿನ ಮೂಲಕ ಒಂದು ನಿಮಿಷವೂ ಬೇಡ. 2.4 ಗಿಗಾಹರ್ಟ್ಸ್ ವೈಫೈನಲ್ಲಿ, ಅದೂ ಸುತ್ತ ಹತ್ತಾರು ರೂಮುಗಳ ವೈಫೈ ಇರುವ ಬಿಲ್ಡಿಂಗಿನಲ್ಲಿ, ಹತ್ತು ನಿಮಿಷ ದಾಟಿದರೂ ಆಶ್ಚರ್ಯ ಇಲ್ಲ. ಹಾಗಾಗಿ ಡಿಸ್ಕ್ ಇರುವ ಸಾಧನ ರೂಟರಿಗೆ ವೈರಿನಿಂದಲೇ ಸೇರಬೇಕು. ನೀವು 5 ಗಿಗಾಹರ್ಟ್ಸ್ ವೈಫೈನಲ್ಲಿ ತೆರೆದುಕೊಳ್ಳಿ.

ಪೆಟ್ಟಿಗೆಯೇ ಬೇಡ ಅನ್ನುವವರಿಗೆ

ಹಂಚಿಕೊಳ್ಳುವುದು ವರ್ಡ್ ಫೈಲು, ಪಿಡಿಎಫ್, ಕೋಡ್ ಮಾತ್ರವಾದರೆ ಯಾವ ಯಂತ್ರವೂ ಬೇಡ. ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶ ಇದೆ. ಐದೂ ಲ್ಯಾಪ್‌ಟಾಪಿಗೆ ಹಾಕಿ ಒಂದು ಫೋಲ್ಡರ್ ತೋರಿಸಿಬಿಡಿ. ಒಬ್ಬರು ಬದಲಾಯಿಸಿದ್ದು ಉಳಿದವರಿಗೂ ತಾನೇ ತಲುಪುತ್ತದೆ. ಮಧ್ಯದಲ್ಲಿ ಸರ್ವರ್ ಇರುವುದಿಲ್ಲ, ಎಲ್ಲರ ಹತ್ತಿರವೂ ಪೂರ್ತಿ ಕಾಪಿ ಇರುತ್ತದೆ. ಒಂದು ಎಚ್ಚರ: ಒಬ್ಬರು ಅಳಿಸಿದರೆ ಅದೂ ಎಲ್ಲರಿಗೂ ತಲುಪುತ್ತದೆ. ಅದಕ್ಕೇ ಹಳೇ ಆವೃತ್ತಿ ಉಳಿಸುವ ಫೈಲ್ ವರ್ಶನಿಂಗ್ ಸೆಟ್ಟಿಂಗ್ ಮೊದಲ ದಿನವೇ ಹಾಕಿಡಿ.

ಗೂಗಲ್ ಖಾತೆಯ ಉಚಿತ 15 ಜಿಬಿ ರಿಪೋರ್ಟು, ಪಿಪಿಟಿಗಳಿಗೆ ಸಾಕಷ್ಟು ಆಯಿತು. ರೆವಿಟ್ ಮಾಡೆಲ್, ಡ್ರೋನ್ ಸರ್ವೇ ಫೋಟೋ, ಲೆಕ್ಚರ್ ರೆಕಾರ್ಡಿಂಗ್ ಅಂತ ಬಂದರೆ ಸಾಲದು. ಜೊತೆಗೆ ಪ್ರತಿ ಸಲ ಮೇಲೇರಿಸಿ ಇಳಿಸಿಕೊಳ್ಳುವುದರಲ್ಲಿ ದಿನದ ಮೊಬೈಲ್ ಡೇಟಾ ಖಾಲಿ. ಇಬ್ಬರೇ ಇರುವ ರೂಮಿಗೆ ನಾನು ಈ ಎರಡರ ಜೋಡಿಯನ್ನೇ ಹೇಳುತ್ತೇನೆ. ಮೂರು ಜನಕ್ಕಿಂತ ಜಾಸ್ತಿ ಇದ್ದು ನೂರಾರು ಜಿಬಿ ಲೆಕ್ಕ ಇದ್ದರೆ ಮುಂದೆ ಓದಿ.

ರೂಟರಿನ ಹಿಂದೆ ಡಿಸ್ಕ್

ರೂಟರಿನಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೆ ಡಿಸ್ಕ್ ಚುಚ್ಚಿ, ಸೆಟ್ಟಿಂಗಿನಲ್ಲಿ ಶೇರಿಂಗ್ ಆನ್ ಮಾಡಿದರೆ ಮುಗಿಯಿತು. ಇದು ಎಲ್ಲಕ್ಕಿಂತ ಅಗ್ಗ. ಎಲ್ಲಕ್ಕಿಂತ ಅಪಾಯದ್ದೂ ಇದೇ ಅನ್ನುವುದು ನನ್ನ ಮಾತು.

ಕಾರಣ ಕೇಳಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು ಅರ್ಧ ಆಂಪಿಯರ್ ಕರೆಂಟು, 3.0 ಆದರೆ 0.9 ಆಂಪಿಯರ್. ಅಂಗೈಯಗಲದ ಪೋರ್ಟಬಲ್ ಹಾರ್ಡ್ ಡಿಸ್ಕ್ ತಿರುಗಲು ಶುರು ಮಾಡುವಾಗ ಒಂದು ಆಂಪಿಯರ್ ತನಕ ಎಳೆಯಬಹುದು. ಕಿವಿಗೊಟ್ಟರೆ ಕೇಳಿಸುತ್ತದೆ: ಗುಂಯ್ ಅಂತ ಏರುತ್ತದೆ, ಟಕ್ ಅಂತ ನಿಲ್ಲುತ್ತದೆ, ಮತ್ತೆ ಏರುತ್ತದೆ. ಹಾಗೆ ಕೇಳಿಸಿದರೆ ಆ ಡಿಸ್ಕನ್ನು ಆ ಪೋರ್ಟಿನಿಂದ ಕೂಡಲೇ ತೆಗೆಯಿರಿ. ಮೇಲಾಗಿ ಕರೆಂಟ್ ಹೋದಾಗ ರೂಟರ್, ಡಿಸ್ಕ್ ಎರಡೂ ಒಟ್ಟಿಗೆ ಆರುತ್ತವೆ. ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಡಿಸ್ಕ್ ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿದ್ದರೆ ಫೋಲ್ಡರೇ ಕೆಡಬಹುದು, ಯಾಕೆಂದರೆ ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಎಂಬ ಬೇರೆ ಫಾರ್ಮ್ಯಾಟುಗಳು ಇಟ್ಟುಕೊಳ್ಳುವಂಥ ಜರ್ನಲ್ (ಏನು ಬರೆಯುತ್ತಿದ್ದೆ ಎಂಬ ಟಿಪ್ಪಣಿ) ಅದರಲ್ಲಿಲ್ಲ.

ಇನ್ನೊಂದು ತೊಡಕು ಇದೆ. ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಭಾಷೆಗೆ ಎಸ್‌ಎಂಬಿ ಅನ್ನುತ್ತಾರೆ. ಹಳೇ ರೂಟರುಗಳಿಗೆ ಅದರ ಮೊದಲ ಆವೃತ್ತಿ ಎಸ್‌ಎಂಬಿ 1 ಮಾತ್ರ ಗೊತ್ತು. ಅದರ ಮೂಲಕ ಹರಡಿದ ವನ್ನಾಕ್ರೈ ವೈರಸ್ ಹಾವಳಿಯ ವರ್ಷ, 2017ರ ಕೊನೆಯಲ್ಲಿ ಬಂದ ವಿಂಡೋಸ್ 10 ಆವೃತ್ತಿಯಿಂದಲೇ ಮೈಕ್ರೋಸಾಫ್ಟ್ ಅದನ್ನು ಕೈಬಿಡುತ್ತಾ ಬಂದಿದೆ. ಫೋನಿನಲ್ಲಿ ಕಾಣುವ ಡಿಸ್ಕ್ ಲ್ಯಾಪ್‌ಟಾಪಿನಲ್ಲಿ ಕಾಣದಿದ್ದರೆ ಬಹುತೇಕ ಇದೇ ಕಾರಣ. ಎಸ್‌ಎಂಬಿ 1 ಮತ್ತೆ ಆನ್ ಮಾಡಿ ಅಂತ ಹೇಳುವ ವಿಡಿಯೋಗಳ ಮಾತು ಕೇಳಬೇಡಿ. ಆ ಬಾಗಿಲನ್ನು ಮುಚ್ಚಿದ್ದು ಸುಮ್ನೆ ಅಲ್ಲ.

ಒಂದು ಪೆನ್‌ಡ್ರೈವ್ ಅಥವಾ ಚಿಕ್ಕ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್) ಹಾಕಿ ಪ್ರಶ್ನೆಪತ್ರಿಕೆ, ನೋಟ್ಸ್ ಹಂಚಿಕೊಳ್ಳುವುದಕ್ಕೆ ರೂಟರ್ ಸಾಕು. ಕಳೆದುಹೋದರೆ ಅಳು ಬರುವಂಥದ್ದನ್ನು ಅದರಲ್ಲಿ ಇಡಬೇಡಿ.

ರಾಸ್ಪ್‌ಬೆರಿ ಪೈ

ಇದು ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್. ಇಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಹುಡುಗರಿಗೆ ಇದರ ಮೇಲೆ ಪ್ರೀತಿ, ಸಹಜ. ಪೈ 4 ಅಥವಾ ಪೈ 5 ಆದರೆ ಮಾತ್ರ ಯೋಚಿಸಿ. ಪೈ 3ರಲ್ಲಿ ನೆಟ್‌ವರ್ಕೂ ಯುಎಸ್‌ಬಿಯೂ ಒಂದೇ ದಾರಿಯಲ್ಲಿ ನುಗ್ಗಬೇಕು, ಅದೂ 100 ಎಂಬಿಪಿಎಸ್. 2019ರಲ್ಲಿ ಬಂದ ಪೈ 4ರಲ್ಲಿ ನಿಜವಾದ ಗಿಗಾಬಿಟ್ ಪೋರ್ಟು, ಯುಎಸ್‌ಬಿ 3.0 ಎರಡೂ ಇವೆ. ಡಿಸ್ಕ್ ಸೇರಿ 8 ವ್ಯಾಟ್ ಅಂತ ಹಿಡಿಯಿರಿ, ತಿಂಗಳಿಗೆ ಆರು ಯೂನಿಟ್ ಕೂಡ ಆಗುವುದಿಲ್ಲ.

ಬೋರ್ಡಿನ ಬೆಲೆ ಮಾತ್ರ ನೋಡಿ ತೀರ್ಮಾನ ಮಾಡಬೇಡಿ. ಸರಿಯಾದ ಅಡಾಪ್ಟರ್, ಫ್ಯಾನಿರುವ ಕೇಸ್, ಡಿಸ್ಕಿಗೆ ಬೇರೆ ಕರೆಂಟ್ ಕೊಡುವ ಹಬ್ ಅಂತ ಒಂದೊಂದೇ ಸೇರುತ್ತವೆ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ. ಎರಡು ಡಿಸ್ಕ್ ನೇರವಾಗಿ ಹಾಕಲಾಗದು. ನಮ್ಮಲ್ಲಿ ಮುಖ್ಯ ತೊಂದರೆ ಮೈಕ್ರೋಎಸ್‌ಡಿ ಕಾರ್ಡು. ಪದೇ ಪದೇ ಕರೆಂಟ್ ಹೋಗಿ ಬಂದರೆ ಕಾರ್ಡ್ ಕೆಟ್ಟು ಒಂದು ದಿನ ಪೈ ಎದ್ದೇಳುವುದೇ ಇಲ್ಲ. ಪೈ ಬೇಕೇ ಬೇಕು ಅನ್ನುವವರು ಕಾರ್ಡ್ ಬಿಟ್ಟು ಯುಎಸ್‌ಬಿ ಎಸ್‌ಎಸ್‌ಡಿಯಿಂದ ಬೂಟ್ ಮಾಡಿ, ಒಂದು ಸಣ್ಣ ಯುಪಿಎಸ್ ಹಾಕಿ.

ಹಳೇ ಲ್ಯಾಪ್‌ಟಾಪ್: ನನ್ನ ಮೊದಲ ಆಯ್ಕೆ

ಅಣ್ಣನದೋ ಅಕ್ಕನದೋ ಹಳೇ ಲ್ಯಾಪ್‌ಟಾಪ್ ಮನೆಯ ಅಲಮಾರಿಯಲ್ಲಿ ಕೂತಿರುತ್ತದೆ. ಸ್ಕ್ರೀನ್ ಒಡೆದಿರಬಹುದು, ಕೀಬೋರ್ಡಿನಲ್ಲಿ ನಾಲ್ಕು ಕೀ ಸತ್ತಿರಬಹುದು. ನ್ಯಾಸ್ ಕೆಲಸಕ್ಕೆ ಅದ್ಯಾವುದೂ ಅಡ್ಡಿಯಲ್ಲ. ನಾಲ್ಕು ಜಿಬಿ ರ್ಯಾಮ್, ಗಿಗಾಬಿಟ್ ಲ್ಯಾನ್ ಪೋರ್ಟ್, ಒಂದು ಯುಎಸ್‌ಬಿ 3.0 ಇದ್ದರೆ ಐದಾರು ಜನಕ್ಕೆ ಧಾರಾಳ.

ಇದನ್ನು ಮೊದಲ ಸ್ಥಾನದಲ್ಲಿ ಇಡಲು ಕಾರಣ ಅದರ ಬ್ಯಾಟರಿ. ಲ್ಯಾಪ್‌ಟಾಪಿನ ಯುಪಿಎಸ್ ಅದರ ಹೊಟ್ಟೆಯಲ್ಲೇ ಇದೆ. ಜೆಸ್ಕಾಂ ಲೈನ್ ಹೋದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಬ್ಯಾಟರಿ ಅರ್ಧ ಗಂಟೆ ನಿಂತರೂ ಸಾಕು. ಬ್ಯಾಟರಿ ಇಷ್ಟಕ್ಕೆ ಇಳಿದರೆ ತಾನೇ ಶಟ್‌ಡೌನ್ ಆಗು ಅಂತ ಸೆಟ್ ಮಾಡಿಟ್ಟರೆ ಡಿಸ್ಕ್ ಕ್ಷೇಮ. ಇದೇ ಸೌಲಭ್ಯಕ್ಕೆ ಬೇರೆ ಯಾವ ಆಯ್ಕೆಯಲ್ಲಾದರೂ ಯುಪಿಎಸ್ ಕೊಳ್ಳಲೇಬೇಕು.

ಆದರೆ ಬ್ಯಾಟರಿಯನ್ನು ಕಣ್ಣಾರೆ ನೋಡಿ. ಲ್ಯಾಪ್‌ಟಾಪನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟಾಗ ಅಲುಗಾಡಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಬ್ಯಾಟರಿ ಉಬ್ಬಿದೆ ಅಂತಲೇ ಅರ್ಥ. ಅದನ್ನು ತೆಗೆಸಿಬಿಡಿ, ಇದರಲ್ಲಿ ರಾಜಿ ಬೇಡ. ಒಳ್ಳೇ ಬ್ಯಾಟರಿಯೂ ಈ ಸೆಕೆಯಲ್ಲಿ ದಿನವಿಡೀ 100ರಲ್ಲೇ ಕೂತರೆ ಬೇಗ ಹಾಳಾಗುತ್ತದೆ. ಲೆನೊವೊ, ಏಸಸ್, ಡೆಲ್‌ನ ಹಲವು ಮಾಡೆಲ್‌ಗಳಲ್ಲಿ ಚಾರ್ಜನ್ನು 60 ಅಥವಾ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಬಯಾಸ್‌ನಲ್ಲೋ ಕಂಪನಿಯ ಆ್ಯಪ್‌ನಲ್ಲೋ ಇರುತ್ತದೆ. ಹುಡುಕಿ ಹಾಕಿ.

ತಂತ್ರಾಂಶದ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹತ್ತುವುದೂ ಕಷ್ಟ. ಹಾಗಾಗಿ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಕಡೆ ಹೋಗಿ. ಓಪನ್‌ಮೀಡಿಯಾವಾಲ್ಟ್ ಎಂಬುದು ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ ಉಚಿತ ನ್ಯಾಸ್ ವ್ಯವಸ್ಥೆ. ಒಮ್ಮೆ ಹಾಕಿದರೆ ಉಳಿದದ್ದೆಲ್ಲ ಬ್ರೌಸರಿನಲ್ಲೇ ಕ್ಲಿಕ್ ಮಾಡಿ ಮುಗಿಸಬಹುದು. ಅದು ತಾನು ಕೂತ ಡಿಸ್ಕನ್ನು ಪೂರ್ತಿ ತನ್ನದೇ ಮಾಡಿಕೊಳ್ಳುತ್ತದೆ, ನಿಮ್ಮ ಫೈಲುಗಳಿಗೆ ಎರಡನೇ ಡಿಸ್ಕ್ ಬೇಕು. ಅದಕ್ಕೆ ಹಳೇ ಲ್ಯಾಪ್‌ಟಾಪಿನಲ್ಲಿ ಒಳ್ಳೇ ಜಾಗ ಇದೆ: ಡಿವಿಡಿ ಡ್ರೈವ್. ಅದನ್ನು ತೆಗೆದು ಕ್ಯಾಡಿ (ಆ ಜಾಗದಲ್ಲಿ ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿದರೆ ಇನ್ನೊಂದು ಹಾರ್ಡ್ ಡಿಸ್ಕ್ ಒಳಗೇ ಕೂರುತ್ತದೆ, ನೇತಾಡುವ ಯುಎಸ್‌ಬಿ ವೈರ್ ತಪ್ಪುತ್ತದೆ. ಕೊಳ್ಳುವಾಗ ಕ್ಯಾಡಿಯ ದಪ್ಪ 9.5 ಮಿಲಿಮೀಟರೋ 12.7 ಮಿಲಿಮೀಟರೋ ಅಂತ ಅಳೆದುಕೊಂಡು ಹೋಗಿ. ಮುಚ್ಚಳ ಮುಚ್ಚಿದರೂ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸುವುದು ಮರೆಯಬೇಡಿ. ಟ್ರೂನ್ಯಾಸ್ ಎಂಬ ಇಂಥದೇ ಇನ್ನೊಂದು ವ್ಯವಸ್ಥೆ ಕೂಡ ಒಳ್ಳೆಯದೇ, ಆದರೆ ಅದು ಕನಿಷ್ಠ 8 ಜಿಬಿ ರ್ಯಾಮ್ ಕೇಳುತ್ತದೆ.

ಹಳೇ ಡೆಸ್ಕ್‌ಟಾಪ್ ಬಗ್ಗೆ ಎರಡೇ ಮಾತು. ಡಿಸ್ಕ್ ಎಷ್ಟು ಬೇಕಾದರೂ ಹಿಡಿಸುತ್ತದೆ, ಕರೆಂಟೂ ಹಾಗೇ ಕುಡಿಯುತ್ತದೆ. ಸುಮ್ಮನೆ ಕೂತಾಗಲೇ 60 ವ್ಯಾಟ್ ಅಂದರೆ ತಿಂಗಳಿಗೆ 43 ಯೂನಿಟ್. 18 ವ್ಯಾಟಿನ ಲ್ಯಾಪ್‌ಟಾಪಿಗೆ 13 ಯೂನಿಟ್. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲೇ ಚಾಲನೆ ಸಿಕ್ಕ ಗೃಹಜ್ಯೋತಿಯಲ್ಲಿ ನಿಮ್ಮ ಮೀಟರ್ ಇದ್ದರೆ ಈ ವ್ಯತ್ಯಾಸಕ್ಕೆ ಬೆಲೆ ಇದೆ. ಹಳೇ ಸರಾಸರಿಯ ಮೇಲೆ ಪ್ರತಿ ಮನೆಗೂ ಒಂದು ಮಿತಿ ಇರುತ್ತದೆ, ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಬೇಸಿಗೆಯಲ್ಲಿ ಕೂಲರ್ ದಿನವಿಡೀ ಓಡುವಾಗ ಡೆಸ್ಕ್‌ಟಾಪೂ ಸೇರಿದರೆ ಮನೆ ಮಾಲೀಕರು ಮೇಲೆ ಬಂದು ಕೇಳುವುದು ಖಂಡಿತ.

ರೆಡಿಮೇಡ್ ನ್ಯಾಸ್

ಸಿನಾಲಜಿ ಡಿಎಸ್223ಜೆ, ಕ್ಯೂನ್ಯಾಪ್ ಟಿಎಸ್-233 ಇವು ಎರಡು ಡಿಸ್ಕ್ ಹಿಡಿಸುವ ಚಿಕ್ಕ ಪೆಟ್ಟಿಗೆಗಳು. ಡಿಸ್ಕ್ ಬಿಟ್ಟು ಬರೀ ಪೆಟ್ಟಿಗೆಗೇ 15 ಸಾವಿರ ದಾಟುತ್ತದೆ. ಅದರ ಮೇಲೆ ಎರಡು ಡಿಸ್ಕ್, ಒಂದು ಯುಪಿಎಸ್. ಕೊಟ್ಟ ದುಡ್ಡಿಗೆ ಸುಖವೂ ಇದೆ. ಫೋನಿನ ಫೋಟೋ ತಾನೇ ಬ್ಯಾಕಪ್ ಆಗುತ್ತದೆ, ಸದ್ದು ಕಡಿಮೆ, ಕೆಲಸ ಮಾಡುವಾಗಲೂ ಸುಮಾರು 16 ವ್ಯಾಟ್, ಸೆಟ್ಟಿಂಗ್ ಎಲ್ಲ ಕನ್ನಡಿಯಷ್ಟು ಸ್ವಚ್ಛ. ಲಿನಕ್ಸ್ ಅಂದರೆ ತಲೆನೋವು ಅನ್ನುವ ಮೆಡಿಕಲ್ ವಿದ್ಯಾರ್ಥಿಗಳಿಗೆ, ಅದರಲ್ಲೂ ಐದೂವರೆ ವರ್ಷ ಒಂದೇ ಊರಿನಲ್ಲಿ ಇರುವವರಿಗೆ, ಇದು ಸರಿಹೋಗುತ್ತದೆ. ಎರಡು ವರ್ಷದ ಎಂಎಸ್ಸಿ, ಎಂಕಾಂ ಮಾಡುವವರಿಗೆ ಇಷ್ಟು ಖರ್ಚು ಬೇಡ.

ತಯಾರಕರ ಕ್ಲೌಡ್ ಖಾತೆ ಇಲ್ಲದೆ ನಡೆಯದ ಪೆಟ್ಟಿಗೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ. 2023ರ ಮಾರ್ಚ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಸರ್ವರುಗಳ ಮೇಲೆ ದಾಳಿ ಆಗಿ, ಏಪ್ರಿಲ್‌ನಲ್ಲಿ ಮೈ ಕ್ಲೌಡ್ ಸೇವೆ ಹತ್ತು ದಿನ ನಿಂತಿತ್ತು. ತಮ್ಮ ಮನೆಯಲ್ಲೇ ಇದ್ದ ಡಿಸ್ಕನ್ನು ತೆರೆಯಲು ಜನ ಪರದಾಡಿದರು. ಪರೀಕ್ಷೆ ಹೊತ್ತಿನಲ್ಲಿ ಹಾಗಾದರೆ ಏನು ಗತಿ?

ಎಲ್ಲಿ ಇಡುವುದು, ಕರೆಂಟ್ ಹೇಗೆ ಕೊಡುವುದು

ಸಿನಾಲಜಿ ಕಂಪನಿಯೇ ತನ್ನ ಪೆಟ್ಟಿಗೆ ಇರುವ ಜಾಗ 40 ಡಿಗ್ರಿ ಮೀರಬಾರದು ಅನ್ನುತ್ತದೆ. ಮೇಲಿನ ಮಹಡಿಯ ಆರ್‌ಸಿಸಿ ರೂಮು ಮೇ ತಿಂಗಳ ಮಧ್ಯಾಹ್ನ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಪೈ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ಹಾಗೆ ಮಾಡುವುದಿಲ್ಲ, ಬಿಸಿಯಾಗುತ್ತಲೇ ಇರುತ್ತದೆ. ಡಿಸ್ಕಿನ ಉಷ್ಣಾಂಶ ಓಪನ್‌ಮೀಡಿಯಾವಾಲ್ಟ್‌ನಲ್ಲೂ ಸಿನಾಲಜಿಯಲ್ಲೂ ಕಾಣುತ್ತದೆ. 45ರ ಒಳಗಿದ್ದರೆ ನೆಮ್ಮದಿ, 55 ಮುಟ್ಟಿದರೆ ಸಂಜೆ ತನಕ ಆಫ್ ಮಾಡಿ.

ಅಲಮಾರಿಯ ತಲೆ ಮೇಲೆ ಇಡಬೇಡಿ, ಬಿಸಿ ಗಾಳಿ ಸೇರುವುದೇ ಅಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಕಪಾಟು ಇರುತ್ತದಲ್ಲ, ಅದರ ಕೆಳಗಿನ ಹಲಗೆಯೇ ಒಳ್ಳೇ ಜಾಗ. ಕಲ್ಲು ತಂಪು, ಅಲುಗಾಟವೂ ಇಲ್ಲ. ನೆಲದಿಂದ ಒಂದು ಗೇಣು ಮೇಲಿರಲಿ, ಕಸ ಗುಡಿಸುವಾಗ ಧೂಳು ಒಳಗೆ ಹೋಗುತ್ತದೆ. ಕೂಲರ್ ಎದುರಿಗೆ ಇಟ್ಟರೆ ತಂಪಾಗಿರುತ್ತದೆ ಅಂತ ಅನ್ನಿಸಬಹುದು. ಬೇಡವೇ ಬೇಡ. ಕೂಲರ್ ಗಾಳಿಯಲ್ಲಿ ತೇವ ಇರುತ್ತದೆ, ನೀರು ತುಂಬಿದ ಹೊಸದರಲ್ಲಿ ಹನಿಯೂ ಹಾರುತ್ತದೆ. ಕೂಲರ್ ಚುಚ್ಚಿದ ಎಕ್ಸ್‌ಟೆನ್ಶನ್ ಬೋರ್ಡಿಗೇ ಡಿಸ್ಕನ್ನೂ ಚುಚ್ಚಬೇಡಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಭಾಗ ನೋಡಿ. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ಆಫ್ ಇದ್ದರೆ ಕರೆಂಟ್ ಬದಲಾಗುವಷ್ಟರಲ್ಲಿ ಡೆಸ್ಕ್‌ಟಾಪ್, ನ್ಯಾಸ್ ರೀಸ್ಟಾರ್ಟ್ ಆಗಬಹುದು. ಫ್ಯಾನು, ಲೈಟು ಏನೂ ಆಗದ ಹಾಗೆ ಓಡುತ್ತಿರುತ್ತವೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮಾಲೀಕರನ್ನು ಕೇಳಿ ಆ ಸ್ವಿಚ್ ಹಾಕಿಸಿ. ರೂಟರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ. ಅದು ಚಿಕ್ಕ ಖರ್ಚು, ಓದುವ ಮನೆಗೆ ಹೇಗೂ ಬೇಕು.

ಡಿಸ್ಕ್ ಯಾವುದು

ದಿನವಿಡೀ ಓಡುವುದಕ್ಕೆ ಸೀಗೇಟ್ ಐರನ್‌ವುಲ್ಫ್ ಅಥವಾ ಡಬ್ಲ್ಯುಡಿ ರೆಡ್ ಪ್ಲಸ್ ಕೇಳಿ. ಇವೆರಡೂ ಸಿಎಂಆರ್ (ಪಟ್ಟಿಗಳು ಒಂದರ ಮೇಲೊಂದು ಬೀಳದಂತೆ ಪಕ್ಕಪಕ್ಕ ಬರೆಯುವ) ಡಿಸ್ಕ್‌ಗಳು, ಮೂರು ವರ್ಷ ವಾರಂಟಿ. ಬರೀ 'ರೆಡ್' ಅಂತ ಬರೆದ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಅಂತ 2020ರಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಎಸ್‌ಎಂಆರ್‌ನಲ್ಲಿ ಒಂದರ ಅಂಚಿನ ಮೇಲೆ ಇನ್ನೊಂದು ಪಟ್ಟಿ ಬರೆದಿರುತ್ತದೆ, ಹಾಗಾಗಿ ಒಂದೇ ಸಮ ಬರೆಯುವಾಗ ಬಹಳ ನಿಧಾನವಾಗುತ್ತದೆ. ಲ್ಯಾಪ್‌ಟಾಪಿನ ಕ್ಯಾಡಿಗೆ ಹಾಕುವ 2.5 ಇಂಚಿನ ದೊಡ್ಡ ಡಿಸ್ಕುಗಳು ಬಹುತೇಕ ಎಸ್‌ಎಂಆರ್. ಒಂದೇ ಡಿಸ್ಕ್ ಆದರೆ ರೂಮಿನ ಬಳಕೆಗೆ ನಡೆಯುತ್ತದೆ, ರೈಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವುದು) ಕಟ್ಟಲು ಬೇಡ.

ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಅಂಗಡಿಗೆ ಹೋದಾಗ ಸಿಸಿಟಿವಿ ಡಿಸ್ಕ್ ಕೈಗೆ ಕೊಡಬಹುದು. ಫೈಲ್ ಇಡುವುದಕ್ಕೆ ಅದೂ ಆಗುತ್ತದೆ. ಆದರೆ ಯಾವ ಡಿಸ್ಕೇ ಇರಲಿ, ದುಡ್ಡು ಕೊಡುವ ಮೊದಲು 'ಅಣ್ಣಾ, ಸೀರಿಯಲ್ ನಂಬರ್ ಒಂದ್ ಸಲ ನೋಡ್ತೀವಿ' ಅಂತ ಹೇಳಿ, ಕಂಪನಿಯ ವೆಬ್‌ಸೈಟಿನಲ್ಲಿ ಅಲ್ಲೇ ನಿಂತು ವಾರಂಟಿ ದಿನಾಂಕ ನೋಡಿ. ಹೊಸದು ಅಂತ ಕೊಡುವ ಬಳಸಿದ ಡಿಸ್ಕ್ ಅಲ್ಲೇ ಸಿಕ್ಕಿಬೀಳುತ್ತದೆ.

ಎರಡನೇ ಕಾಪಿ

ಎರಡು ಡಿಸ್ಕ್ ಹಾಕಿ ರೈಡ್ 1 (ಎರಡರಲ್ಲೂ ಅದೇ ಫೈಲು) ಮಾಡಿದ್ದೇವೆ, ಇನ್ನೇನು ಭಯ ಅನ್ನುವವರು ಬಹಳ. ರೈಡ್ 1 ಒಂದು ಡಿಸ್ಕ್ ಸತ್ತಾಗ ಮಾತ್ರ ಕಾಯುತ್ತದೆ. ಯಾರೋ ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅದೇ ಕ್ಷಣ ಅಳಿಯುತ್ತದೆ. ಪೆನ್‌ಡ್ರೈವ್‌ನಲ್ಲಿ ಬಂದ ವೈರಸ್ ಎರಡನ್ನೂ ತಿನ್ನುತ್ತದೆ. ಕಳ್ಳ ಬಂದರೆ ಪೆಟ್ಟಿಗೆ ಸಮೇತ ಹೋಗುತ್ತದೆ. ಅದಕ್ಕೇ ರೂಮಿನವರಿಗೆ ನಾನು ಹೇಳುವುದು: ನ್ಯಾಸ್‌ನಲ್ಲಿ ಒಂದೇ ಡಿಸ್ಕ್ ಇರಲಿ, ಆ ಎರಡನೇ ಡಿಸ್ಕಿನ ದುಡ್ಡಿನಲ್ಲಿ ಒಂದು ಪೋರ್ಟಬಲ್ ಡಿಸ್ಕ್ ತನ್ನಿ. ಶುಕ್ರವಾರ ರಾತ್ರಿ ಕಾಪಿ ಮಾಡಿ, ವೈರ್ ಕಿತ್ತು, ಬೇರೆ ಕಡೆ ಇಡಿ.

ಬೇರೆ ಕಡೆ ಎಂದರೆ ಎಲ್ಲಿ? ರೂಮಿನಲ್ಲಿ ಯಾರಾದರೂ ಒಬ್ಬರು ವಾರಕ್ಕೋ ಹದಿನೈದು ದಿನಕ್ಕೋ ಊರಿಗೆ ಹೋಗುವವರು ಇದ್ದೇ ಇರುತ್ತಾರೆ. ಬೀದರ್ ರೈಲು ಹತ್ತುವವರು, ಯಾದಗಿರಿ ಕಡೆ ಹೋಗುವವರು. ಡಿಸ್ಕ್ ಅವರ ಮನೆಯ ಬೀರುವಿನಲ್ಲಿರಲಿ, ಮುಂದಿನ ಸಲ ತಂದು ಹೊಸದಾಗಿ ತುಂಬಿಸಿಕೊಂಡು ಹೋಗಲಿ. ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟ್, ಥೀಸಿಸ್ ಅಂಥವನ್ನು ಇದರ ಜೊತೆಗೆ ಗೂಗಲ್ ಡ್ರೈವ್‌ನಲ್ಲೂ ಇಡಿ. ಮೂರು ಕಾಪಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ತಿಂಗಳಿಗೊಮ್ಮೆ ಆ ಕಾಪಿಯಿಂದ ಒಂದು ಫೈಲ್ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಪಾಸ್‌ವರ್ಡ್, ಮನೆಯಿಂದ ತೆರೆಯುವುದು, ಕೊನೆಯ ದಿನ

ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಮಾಡಿ. ಎಲ್ಲರೂ ಬರೆಯಬಹುದಾದ ಒಂದು ಫೋಲ್ಡರ್, ಎಲ್ಲರೂ ಓದಲು ಮಾತ್ರ ಆಗುವ ಒಂದು ಫೋಲ್ಡರ್, ಒಬ್ಬೊಬ್ಬರಿಗೂ ಸ್ವಂತದ್ದೊಂದು. ಪಾಸ್‌ವರ್ಡ್ ಇಲ್ಲದ ಶೇರನ್ನು ಹೊಸ ವಿಂಡೋಸ್ 11ರ ಹಲವು ಆವೃತ್ತಿಗಳು ತೆರೆಯುವುದೂ ಇಲ್ಲ. ಇಷ್ಟರಿಂದ ಒಂದು ಜಗಳ ಕಡಿಮೆ: 'ನನ್ನ ಫೈಲ್ ಯಾರು ಅಳಿಸಿದ್ದು?'

ಊರಿನಿಂದ ಫೈಲ್ ತೆರೆಯಬೇಕು ಅಂತ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಇಂಟರ್ನೆಟ್ಟಿನಿಂದ ನೇರ ನ್ಯಾಸ್‌ಗೆ ಬಾಗಿಲು ತೆರೆಯುವುದು) ಮಾಡಬೇಡಿ. 2021ರಲ್ಲಿ ಕ್ಯೂಲಾಕರ್, 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ್ಯಾನ್ಸಮ್‌ವೇರ್‌ಗಳು ಇಂಟರ್ನೆಟ್ಟಿಗೆ ತೆರೆದಿಟ್ಟ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿದವು. ಅಷ್ಟಕ್ಕೂ ನಮ್ಮ ಬಹಳಷ್ಟು ಇಂಟರ್ನೆಟ್ ಕನೆಕ್ಷನ್‌ಗಳಲ್ಲಿ ನೂರಾರು ಮನೆಗೆ ಒಂದೇ ಐಪಿ ಹಂಚಿರುತ್ತಾರೆ, ಫಾರ್ವರ್ಡ್ ಮಾಡಿದರೂ ಕೆಲಸ ಆಗದು. ಟೇಲ್‌ಸ್ಕೇಲ್ ಹಾಕಿ. ನ್ಯಾಸ್‌ಗೂ ನಿಮ್ಮ ಫೋನಿಗೂ ಅದೊಂದು ಖಾಸಗಿ ದಾರಿ ಮಾಡಿಕೊಡುತ್ತದೆ, ಹೊರಗಿನವರಿಗೆ ಏನೂ ಕಾಣುವುದಿಲ್ಲ, ಸ್ವಂತ ಬಳಕೆಗೆ ಉಚಿತ.

ದುಡ್ಡು ಹಾಕುವ ದಿನವೇ ಕೊನೆಯ ದಿನದ ಮಾತೂ ಆಡಿಬಿಡಿ. ಎಲ್ಲರೂ ಸಮ ಹಾಕಿ ಕೊಂಡ ಡಿಸ್ಕ್ ಕೊನೆಗೆ ಯಾರದು? ನಾನು ಹೇಳುವ ಪದ್ಧತಿ ಹೀಗಿದೆ. ಲ್ಯಾಪ್‌ಟಾಪ್ ತಂದವರದು ಲ್ಯಾಪ್‌ಟಾಪ್. ನ್ಯಾಸ್ ಡಿಸ್ಕ್ ಒಬ್ಬರ ದುಡ್ಡು, ಪೋರ್ಟಬಲ್ ಡಿಸ್ಕ್ ಇನ್ನೊಬ್ಬರ ದುಡ್ಡು, ಕೇಬಲ್ಲು, ಮಿನಿ ಯುಪಿಎಸ್ ಮೂರನೆಯವರದು. ಹೋಗುವಾಗ ಅವರವರ ವಸ್ತು ಅವರವರಿಗೆ. ನಡುವೆ ಒಬ್ಬರು ರೂಮ್ ಬಿಟ್ಟರೂ ಲೆಕ್ಕ ತೊಡಕಾಗುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದನ್ನು ಬರೆದು ಪಿನ್ ಮಾಡಿ. ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ಎಲ್ಲರೂ ತಮ್ಮ ಫೋಲ್ಡರ್ ಇಳಿಸಿಕೊಳ್ಳಲಿ, ಪೋರ್ಟಬಲ್ ಡಿಸ್ಕೂ ಊರಿನಿಂದ ಬಂದು ಸೇರಲಿ. ಎಲ್ಲರೂ ಸಿಕ್ಕಿತು ಅಂತ ಹೇಳಿದ ಮೇಲೆ ಎರಡೂ ಡಿಸ್ಕನ್ನು ಕ್ವಿಕ್ ಫಾರ್ಮ್ಯಾಟ್ ಅಲ್ಲ, ಪೂರ್ತಿ ಫಾರ್ಮ್ಯಾಟ್ ಮಾಡಿ. ಹಲವು ಟಿಬಿಯ ಡಿಸ್ಕಿಗೆ ಅದು ರಾತ್ರಿಯಿಡೀ ಹಿಡಿಯುತ್ತದೆ, ಹಾಗಾಗಿ ಸಾಮಾನು ಕಟ್ಟುವ ಹಿಂದಿನ ದಿನವೇ ಶುರು ಮಾಡಿ.